ಗಿಡ ಯಾವುದು, ಅಲ್ಲದ್ದು ಯಾವುದು: ಮಳೆಗಾಲದ ನನ್ನ ಪಾಠ

ತೀರ್ಥಹಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಸಸ್ಯಗಳ ಲಕ್ಷಣದ ಪಾಠವನ್ನು ಜುಲೈ ತಿಂಗಳಿಗೇ ಇಟ್ಟುಕೊಳ್ಳುತ್ತೇನೆ. ಆಗ ಗೋಡೆ, ಮರ, ಕಲ್ಲು ಎಲ್ಲದರ ಮೇಲೂ ಏನಾದರೊಂದು ಬೆಳೆದಿರುತ್ತದೆ.

ಗಿಡ ಅಂದರೇನು ಎಂದು ಕೇಳಿದರೆ ಮಕ್ಕಳು ಹೇಳುವುದು ಎರಡೇ ಮಾತು: ಹಸಿರಾಗಿರುತ್ತದೆ, ಓಡಾಡುವುದಿಲ್ಲ. ಸರಿ, ಕೊಡೆ ಹಿಡಿದು ಹೋಗಿ, ಗಿಡ ಅನ್ನಿಸಿದ್ದನ್ನೆಲ್ಲ ತನ್ನಿ ಎನ್ನುತ್ತೇನೆ. ಹಾವಸೆ, ಜರಿಗಿಡ, ಅಣಬೆ, ಮರದ ತೊಗಟೆಯ ಕಲ್ಲುಹೂವು, ಎಲ್ಲವೂ ಮೇಜಿಗೆ ಬರುತ್ತವೆ.

ಮೊದಲು ಹಾವಸೆ. ಅದರ ಎಲೆ ಹೆಚ್ಚಿನ ಕಡೆ ಒಂದೇ ಕೋಶದಷ್ಟು ದಪ್ಪ. ಕತ್ತರಿಸುವ ಕೆಲಸವೇ ಇಲ್ಲ, ನೀರಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರಾಯಿತು. ಇಟ್ಟಿಗೆ ಜೋಡಿಸಿದಂತೆ ಕೋಶಗಳು, ಸುತ್ತ ಸೆಲ್ಯುಲೋಸ್ ಎಂಬ ನಾರಿನಂಥ ವಸ್ತು ಇರುವ ಗೋಡೆ, ಒಳಗೆ ಬಿಸಿಲಿನಿಂದ ಆಹಾರ ತಯಾರಿಸುವ ಹಸಿರು ಕ್ಲೋರೊಪ್ಲಾಸ್ಟ್. ನಮ್ಮ ಕೆನ್ನೆಯ ಒಳಪದರದ ಕೋಶದಲ್ಲಿ ಇವೆರಡೂ ಇಲ್ಲ.

ಆಮೇಲೆ ಅಯೋಡಿನ್. ಆಲೂಗಡ್ಡೆ ಚೂರಿನ ಮೇಲೆ ಹನಿ ಹಾಕಿದರೆ ಕಡುನೀಲಿ ಆಗುತ್ತದೆ, ಅದು ಪಿಷ್ಟ. ನಾಯಿಕೊಡೆ ಅಣಬೆಯ ಮೇಲೆ ಹಾಕಿದರೆ ಆ ನೀಲಿ ಬರುವುದಿಲ್ಲ. ಅಣಬೆ ಆಹಾರವನ್ನು ನಮ್ಮ ಹಾಗೆ ಗ್ಲೈಕೋಜನ್ ಆಗಿ ಕೂಡಿಡುತ್ತದೆ. ಅದರ ಕೋಶದ ಗೋಡೆಯಲ್ಲಿರುವುದು ಕೈಟಿನ್ ಎಂಬ ಗಟ್ಟಿ ವಸ್ತು. ಗದ್ದೆಯ ಏಡಿಯ ಚಿಪ್ಪಿನಲ್ಲೂ ಇದೇ ಇರುತ್ತದೆ ಎಂದಾಗ ತರಗತಿ ಪೂರ್ತಿ ಎಚ್ಚರ! 1969ರಲ್ಲಿ ಅಮೆರಿಕದ ವಿಜ್ಞಾನಿ ವಿಟ್ಟೇಕರ್ ಜೀವಿಗಳ ವರ್ಗೀಕರಣದಲ್ಲಿ ಅಣಬೆಯಂಥ ಶಿಲೀಂಧ್ರಗಳಿಗೆ ಬೇರೆಯದೇ ಸಾಮ್ರಾಜ್ಯ ಕೊಟ್ಟಿದ್ದನ್ನು ಆಗ ಹೇಳುತ್ತೇನೆ. ಕಲ್ಲುಹೂವು ಶಿಲೀಂಧ್ರ ಮತ್ತು ಪಾಚಿಯ ಜೊತೆಬಾಳು.

ನನಗೆ ಬಹಳ ಇಷ್ಟವಾದ ಭಾಗ ಅಡಿಕೆ ಕಾಯಿಯನ್ನು ಕೊಳೆಸುವ ಕೊಳೆರೋಗ. ಅಡಿಕೆ ತೋಟದ ಮಕ್ಕಳಿಗೆ ಇದನ್ನು ಪರಿಚಯಿಸಬೇಕಿಲ್ಲ. ಸಿಂಪಡಿಸಲು ಮೈಲುತುತ್ತ, ಸುಣ್ಣ ಕಲಸುವುದನ್ನು, ಅಡಿಕೆ ಗೊನೆಗೆ ಮಳೆ ತಡೆಯುವ ಕೊಟ್ಟೆ ಕಟ್ಟುವುದನ್ನು ಮನೆಯಲ್ಲಿ ನೋಡಿರುತ್ತಾರೆ. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಈ ರೋಗದ ಬಗ್ಗೆ ಬರೆದಿದ್ದರು. ಇದನ್ನು ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯನ್ನು ಹಿಂದೆ ಶಿಲೀಂಧ್ರ ಅನ್ನುತ್ತಿದ್ದರು. ಆದರೆ ಅದರ ಕೋಶದ ಗೋಡೆಯಲ್ಲಿ ಗಿಡದ ಹಾಗೆ ಸೆಲ್ಯುಲೋಸ್ ಇದೆ. ಹಾಗಾದರೆ ಅದೂ ಗಿಡವೇ, ಅಲ್ವಾ? ಅಲ್ಲ. ಕ್ಲೋರೊಪ್ಲಾಸ್ಟ್ ಇಲ್ಲ, ತನ್ನ ಊಟ ತಾನು ಮಾಡಿಕೊಳ್ಳುವುದಿಲ್ಲ. ಅದರ ಬೀಜಕಗಳಿಗೆ ಎರಡೆರಡು ಬಾಲ, ನೀರಿನಲ್ಲಿ ಈಜುತ್ತವೆ. ಬಿಡದೆ ಮಳೆ ಹಿಡಿದಾಗ ಕೊಳೆ ಜಾಸ್ತಿ ಆಗುವುದಕ್ಕೆ ಇದೂ ಒಂದು ಕಾರಣ.

ಇದಕ್ಕೆ ತಿರುವುಮುರುವು ಏಜಿನೇಷಿಯಾ ಇಂಡಿಕಾ. ಮಳೆಗಾಲದಲ್ಲಿ ಹುಲ್ಲಿನ ಬೇರಿಗಂಟಿ ಬೆಳೆದು ನೇರಳೆ ಹೂ ಬಿಡುತ್ತದೆ. ಹಸಿರೆಲೆ ಇಲ್ಲ. ಊಟವೆಲ್ಲ ಹುಲ್ಲಿನದೇ. ಆದರೂ ಅದು ಗಿಡ. ಅದರ ಪೂರ್ವಿಕರು ಹಸಿರಾಗಿದ್ದವರು. ಹೂವಿನಲ್ಲಿ ಬೀಜ ಕಟ್ಟುತ್ತದೆ, ಬೀಜದಲ್ಲಿ ಭ್ರೂಣ, ಅಂದರೆ ಎಳೆಯ ಮರಿಗಿಡ, ಇರುತ್ತದೆ. ಹಾವಸೆಯಿಂದ ಹಲಸಿನ ಮರದವರೆಗೆ ಎಲ್ಲ ನೆಲಗಿಡಗಳ ಭ್ರೂಣವೂ ತಾಯಿಗಿಡದ ಮೈಯಲ್ಲೇ ಬೆಳೆಯಲು ತೊಡಗುತ್ತದೆ. ನನ್ನ ಮಟ್ಟಿಗೆ ಗಿಡದ ಗಟ್ಟಿ ಗುರುತು ಇದೇ, ಹಸಿರಲ್ಲ.

ಪರೀಕ್ಷೆಯಲ್ಲಿ ನಾನು ಲಕ್ಷಣಗಳ ಪಟ್ಟಿ ಕೇಳುವುದಿಲ್ಲ. ಒಂದು ಮಾದರಿ ಕೊಟ್ಟು, ಗಿಡವೋ ಅಲ್ಲವೋ ತೀರ್ಮಾನಿಸಿ ಎನ್ನುತ್ತೇನೆ. ಕಳೆದ ಸಲ ಗೋಡೆಯ ಕಿತ್ತಳೆ ಬಣ್ಣದ ಪದರ ಕೆರೆದು ಕೊಟ್ಟಿದ್ದೆ. ಅದು ಟ್ರೆಂಟಪೋಲಿಯಾ. ಕಿತ್ತಳೆಯ ಅಡಿ ಹಸಿರು ಅಡಗಿರುವ ಹಸಿರು ಪಾಚಿ. ಕ್ಲೋರೊಪ್ಲಾಸ್ಟ್ ನೋಡಿ ಕೆಲವರು ಗಿಡ ಎಂದರು, ಭ್ರೂಣ ಇಲ್ಲವೆಂದು ಕೆಲವರು ಅಲ್ಲ ಎಂದರು. ವಿಜ್ಞಾನಿಗಳಲ್ಲೂ ಎರಡೂ ಪಂಗಡ ಇವೆ. ಕಾರಣ ಬರೆದವರಿಗೆಲ್ಲ ಪೂರ್ತಿ ಅಂಕ ಕೊಟ್ಟೆ.