ಟೆಂಪ್ಲೇಟಲ್ಲಿ ಪದಕ್ಕೆ ಕೋಟ್ಸ್ ಹಾಕಿ, ಟ್ರೂ–ಫಾಲ್ಸ್‌ಗೆ ಬೇಡ
ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟುವ ಜ್ಯಾಂಗೋದ ಟೆಂಪ್ಲೇಟಲ್ಲಿ (ಪುಟದ ಅಚ್ಚು) ಇಫ್ ಒಳಗೆ ಸ್ಟೇಟಸ್ಸನ್ನು 'ಪೆಂಡಿಂಗ್' ಥರದ ಪದದ ಜೊತೆ ಹೋಲಿಸುವಾಗ ಆ ಪದಕ್ಕೆ ಕೋಟ್ಸ್ ಹಾಕಿದ್ದೀರಾ ಅಂತ ಮೊದಲು ನೋಡಿ. ಕೋಟ್ಸ್ ಇಲ್ಲದಿದ್ದರೆ ಜ್ಯಾಂಗೋ ಅದನ್ನು ವೇರಿಯಬಲ್ ಹೆಸರು ಅಂತ ತಿಳಿದು ಹುಡುಕುತ್ತೆ, ಸಿಗದಿದ್ದರೆ ಎರರ್ ಕೊಡದೆ ಸುಮ್ನೆ ನನ್ (None, ಅಂದ್ರೆ ‘ಏನೂ ಇಲ್ಲ’) ಅಂತ ಇಟ್ಟುಕೊಳ್ಳುತ್ತೆ. ಹಾಗಾಗಿ ಸ್ಟೇಟಸ್ಸಲ್ಲಿ ನಿಜವಾಗಿ ಪೆಂಡಿಂಗ್ ಅಂತಿದ್ದರೂ ಷರತ್ತು ನಿಜ ಆಗಲ್ಲ. ಅದಕ್ಕಿಂತ ಕೆಟ್ಟದ್ದು ಅಂದ್ರೆ, ಸ್ಟೇಟಸ್ ಕೂಡ ನನ್ ಆಗಿದ್ದರೆ ಎರಡೂ ಸಮ ಅಂತ ನಿಜ ಆಗಿಬಿಡುತ್ತೆ! ಆದ್ರೆ ಎಲ್ಲದಕ್ಕೂ ಕೋಟ್ಸ್ ಹಾಕೋಕೆ ಹೋಗಬೇಡಿ. ಕೋಟ್ಸ್ ಒಳಗಿನ ಫಾಲ್ಸ್ ಖಾಲಿ ಅಲ್ಲದ ಒಂದು ಸ್ಟ್ರಿಂಗ್ (ಅಕ್ಷರಗಳ ಸಾಲು) ಅಷ್ಟೇ, ಇಫ್‌ಗೆ ಅದು ನಿಜವೇ. ಟ್ರೂ, ಫಾಲ್ಸ್, ನನ್ ಮೂರನ್ನೂ ಕೋಟ್ಸ್ ಇಲ್ಲದೆ, ಮೊದಲ ಅಕ್ಷರ ದೊಡ್ಡದಾಗಿ ಬರೆಯಿರಿ (ಇದು ಜ್ಯಾಂಗೋ 1.5ನೇ ಆವೃತ್ತಿಯಿಂದ ನಡೆಯುತ್ತೆ). ಸಣ್ಣ ಅಕ್ಷರದಲ್ಲಿ ಬರೆದರೆ ಮತ್ತೆ ವೇರಿಯಬಲ್ ಕಥೆಯೇ. ಜಿಂಜಾ ಅನ್ನೋ ಇನ್ನೊಂದು ಟೆಂಪ್ಲೇಟ್ ಭಾಷೆಯಲ್ಲಿ ದೊಡ್ಡದು, ಸಣ್ಣದು ಎರಡೂ ಓಡುತ್ತೆ, ಅಲ್ಲಿಂದ ಬಂದವರು ಎಡವೋದು ಇಲ್ಲೇ. ಇನ್ನು ಯುಆರ್‌ಎಲ್‌ನ ಪ್ರಶ್ನೆ ಗುರುತಿನ ನಂತರ ಬರುವ ಅಂಕಿ ಯಾವಾಗಲೂ ಸ್ಟ್ರಿಂಗ್, ಅದನ್ನು ಬರೀ 5ರ ಜೊತೆ ಹೋಲಿಸಿದರೆ ಸಮ ಆಗಲ್ಲ. ಅಲ್ಲಿ ಮಾತ್ರ ಅಂಕಿಗೂ ಕೋಟ್ಸ್ ಬೇಕು, ಇಲ್ಲಾಂದ್ರೆ ವ್ಯೂನಲ್ಲೇ (ಟೆಂಪ್ಲೇಟಿಗೆ ಡೇಟಾ ಕಳಿಸುವ ಪೈಥಾನ್ ಕೋಡ್) ಸಂಖ್ಯೆ ಮಾಡಿ ಕಳಿಸಿ. ನನಗಂತೂ ಎರಡನೇದೇ ಇಷ್ಟ.