‘ಕಣ್ಮುಚ್ಕೊಂಡು ತಗೊಳ್ಳಿ ಸಾರ್’ ಅಂದಾಗ ಕಣ್ಣು ಬಿಟ್ಟು ನೋಡಬೇಕಾದ ನಂಬರು

ಮಂಡ್ಯದಿಂದ ಅಕ್ಕನ ಮಗಳು ಹೊಸ ಲ್ಯಾಪ್‌ಟಾಪ್ ಹೊತ್ತುಕೊಂಡು ಮನೆಗೆ ಬಂದಿದ್ದಳು. ಬಿ.ಕಾಂ. ಎರಡನೇ ವರ್ಷ. ‘ಮಾವ, ಇದು ಆನ್ ಆಗೋಷ್ಟ್ರಲ್ಲಿ ಅಮ್ಮ ಡಿಕಾಕ್ಷನ್ ಹಾಕಿ ಕಾಫಿ ಬೆರೆಸಿ ತಂದಿರ್ತಾಳೆ’ ಅಂದಳು. ಕೊಂಡು ಮೂರು ತಿಂಗಳೂ ಆಗಿರಲಿಲ್ಲ. ತೆರೆದು ನೋಡಿದರೆ ಪ್ರೊಸೆಸರ್ ಸೆಲೆರಾನ್ ಎನ್4020, 4 ಜಿಬಿ ರ್‍ಯಾಮ್, 64 ಜಿಬಿ ಇಎಂಎಂಸಿ, ಅಂದರೆ ಡಿಸ್ಕಿನ ಜಾಗದಲ್ಲಿ ಅಗ್ಗದ, ನಿಧಾನದ ಮೆಮೊರಿ ಚಿಪ್. ವಿಂಡೋಸ್ ಒಂದೇ ಜಾಗವನ್ನೆಲ್ಲ ನುಂಗಿ ಕೂತಿತ್ತು. ಅಪ್‌ಡೇಟ್ ಬಂದರೆ ಇಳಿಸಿಕೊಳ್ಳಲು ತಾವಿಲ್ಲ. ಅವಳು ಎಕ್ಸ್‌ಚೇಂಜ್‌ಗೆ ಕೊಟ್ಟು ಬಂದ ಎಂಟು ವರ್ಷದ ಹಳೆಯದೇ ಇದಕ್ಕಿಂತ ಎಷ್ಟೋ ವಾಸಿಯಿತ್ತು.

ಅಂದಿನಿಂದ ಮೈಸೂರು ಸರಸ್ವತಿಪುರಂನ ನಮ್ಮ ಬೀದಿಯಲ್ಲಿ ಯಾರೇ ಲ್ಯಾಪ್‌ಟಾಪ್ ತರಲು ದೇವರಾಜ ಅರಸು ರಸ್ತೆಗೆ ಹೊರಟರೂ ನಾನು ಜೊತೆಗೆ ಹೋಗುತ್ತೇನೆ. ಜನ ಎಡವುವುದು ಹೆಚ್ಚುಕಡಿಮೆ ಒಂದೇ ಕಡೆ. ಬ್ರ್ಯಾಂಡ್ ಬಗ್ಗೆ ಒಂದು ವಾರ ಚರ್ಚಿಸುತ್ತಾರೆ, ಒಳಗಿನ ನಂಬರನ್ನು ಒಂದು ನಿಮಿಷವೂ ನೋಡುವುದಿಲ್ಲ.

1. ಮೊದಲು ಹಳೆಯದರ ನಾಡಿ ಹಿಡಿಯಿರಿ

ನಿಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ, ‘ಸ್ಲೋ ಆಗಿದೆ’ ಅನ್ನುವ ದೂರಿಗೆ ಮುಕ್ಕಾಲು ಪಾಲು ಅದೇ ಕಾರಣ. ಅದನ್ನು ತೆಗೆಸಿ, ತಿರುಗುವ ಭಾಗವಿಲ್ಲದ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ, ರ್‍ಯಾಮ್ 8 ಜಿಬಿ ಮಾಡಿಸಿದರೆ ಎಷ್ಟೋ ಯಂತ್ರಗಳು ಇನ್ನೆರಡು ಮೂರು ವರ್ಷ ದುಡಿಯುತ್ತವೆ.

ಆದರೆ ಒಂದು ಗಡಿ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಬೇಡುವುದು ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಮತ್ತು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರು ಅಥವಾ ಅದರಾಚೆಯ ಪ್ರೊಸೆಸರ್ (ತಲೆಮಾರು ತಿಳಿಯುವ ಬಗೆ ಕೆಳಗೆ 3ರಲ್ಲಿದೆ). ನಿಮ್ಮದು 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದಾದರೆ ಎಸ್‌ಎಸ್‌ಡಿ ಹಾಕಿಸಿ, ಈ ಲೇಖನ ಇಲ್ಲಿಗೇ ಮಡಚಿಡಿ. 6, 7ನೇ ತಲೆಮಾರಿನದಾದರೆ ಬದಲಿಸುವ ಹೊತ್ತು ಬಂದಿದೆ. ‘ಹಳೇದಕ್ಕೇ ಹನ್ನೊಂದು ಹಾಕಿಕೊಡ್ತೀನಿ’ ಅನ್ನುವ ರಿಪೇರಿಯವರಿದ್ದಾರೆ. ಹಾಕಲು ಬರುತ್ತದೆ, ಸುಳ್ಳಲ್ಲ. ಆದರೆ ಮುಂದೆ ಅಪ್‌ಡೇಟ್ ಬರುತ್ತದೆ ಅನ್ನುವುದಕ್ಕೆ ಮೈಕ್ರೋಸಾಫ್ಟ್ ಜವಾಬ್ದಾರಿ ಹೊರುವುದಿಲ್ಲ. ಬ್ಯಾಂಕಿನ ಕೆಲಸ ಮಾಡುವ ಯಂತ್ರಕ್ಕೆ ಈ ಅಡ್ಡದಾರಿ ಬೇಡ.

2. ಬಜೆಟ್ ಬರೆದುಕೊಳ್ಳಿ

ಕಾಲೇಜು, ಟ್ಯಾಲಿ, ಬ್ರೌಸರ್, ಕನ್ನಡ ಟೈಪಿಂಗ್: ಇಷ್ಟಕ್ಕೆ 35ರಿಂದ 45 ಸಾವಿರದ ನಡುವೆ ಹುಡುಕಿ. ಮನೆಯಿಂದ ಹೊರಡುವಾಗ ಬರೆದ ಮೊತ್ತಕ್ಕಿಂತ ಅಂಗಡಿಯಲ್ಲಿ ಮೇಲೇರಬೇಡಿ.

3. ನಂಬರು ಓದುವುದು

ಇಲ್ಲಿ ನಿಧಾನವಾಗಿ ಬನ್ನಿ. ಅಂಗಡಿಯ ಚೀಟಿಯಲ್ಲಿ ‘ಐ5, 8 ಜಿಬಿ, 512’ ಅಂತ ಇರುತ್ತದೆ. ಬರೀ ‘ಐ5’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಮಂಡ್ಯಕ್ಕೆ ಹೋಗಿ ‘ಗೌಡ್ರ ಮನೆ ಯಾವ್ದು’ ಅಂತ ಕೇಳಿದ ಹಾಗೆ. ಯಾವ ಗೌಡ್ರು?

ಪೂರ್ತಿ ನಂಬರು ಕೇಳಿ. ಹುಡುಗ ತಡವರಿಸಿದರೆ ಡೆಮೊ ಯಂತ್ರದಲ್ಲೇ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ತೆರೆಯಿರಿ. ಪ್ರೊಸೆಸರ್ ಅಂತ ಒಂದು ಸಾಲು ಇರುತ್ತದೆ. ಐ5-1235ಯು ಅಂತಿದ್ದರೆ ಮೊದಲ ಎರಡಂಕಿ 12, ಅಂದರೆ 12ನೇ ತಲೆಮಾರು. ಹಳೆಯ ಐ5-7200ಯು ಅನ್ನುವುದರಲ್ಲಿ ಮೊದಲಂಕಿ 7, ಏಳನೇ ತಲೆಮಾರು. ಏಳನೇ ತಲೆಮಾರಿನ ಆ ಐ5ಗೆ ಕೋರ್, ಅಂದರೆ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ, ಎರಡೇ. 12ನೇ ತಲೆಮಾರಿನ ಐ3-1215ಯುಗೆ ಆರು ಕೋರ್. ‘ನನ್ನ ಹಳೇದು ಐ5, ಈಗ ಐ3ಗೆ ಇಳೀಬೇಕಾ’ ಅಂತ ಮುಖ ಸಣ್ಣ ಮಾಡುವವರಿಗೆ ನಾನು ಹೇಳುವುದು ಇದನ್ನೇ: ಇಳಿಯುತ್ತಿಲ್ಲ ಸ್ವಾಮಿ, ಹತ್ತುತ್ತಿದ್ದೀರಿ.

ಕೊನೆಯ ಅಕ್ಷರವೂ ಮುಖ್ಯ. ‘ಯು’ ಅಂದರೆ ಕಡಿಮೆ ಕರೆಂಟಿನಲ್ಲಿ ನಡೆಯುವಂಥದ್ದು; ತರಗತಿಗೆ ಹೊತ್ತೊಯ್ಯುವವರಿಗೆ ಅದೇ ಸರಿ. ‘ಎಚ್’ ಅಂದರೆ ಬಲ ಹೆಚ್ಚು, ಕಾವು ಹೆಚ್ಚು, ಬ್ಯಾಟರಿ ಬೇಗ ಖಾಲಿ. ವಿಡಿಯೊ ಎಡಿಟ್ ಮಾಡುವವರಿಗಷ್ಟೇ ಅದು.

ಈಚೆಗೆ ಇಂಟೆಲ್ ‘ಐ’ ಅಕ್ಷರವನ್ನೇ ಕೈಬಿಟ್ಟು ಕೋರ್ 3, ಕೋರ್ 5 ಅಂತ ಹೆಸರಿಡುತ್ತಿದೆ. ಕೋರ್ 3 100ಯು, ಕೋರ್ 5 120ಯು ಹೆಸರಿಗೆ ಹೊಸವು, ಒಳಗೆ ಹೆಚ್ಚುಕಡಿಮೆ 13ನೇ ತಲೆಮಾರಿನವೇ. ಅದು ದೋಷವೇನಲ್ಲ, ಆದರೆ ‘ಹೊಚ್ಚ ಹೊಸ ಚಿಪ್’ ಅಂತ ಐದು ಸಾವಿರ ಹೆಚ್ಚು ಕೇಳಿದರೆ ಕೊಡಬೇಡಿ.

ಎಎಂಡಿಯದು ಇನ್ನೂ ಜಾಣತನದ ಆಟ. ರೈಜನ್ 5 7520ಯು, ರೈಜನ್ 5 7530ಯು ಎರಡೂ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಕೂತಿರುತ್ತವೆ. ನೋಡಿದವರು ಅಣ್ಣತಮ್ಮ ಅಂದುಕೊಳ್ಳಬೇಕು. 7000 ಸರಣಿಯಲ್ಲಿ ನೀವು ನೋಡಬೇಕಾದ್ದು ಮೂರನೇ ಅಂಕಿ. ಅಲ್ಲಿ 2 ಇದ್ದರೆ ಝೆನ್ 2, ಅಂದರೆ 2019ರಲ್ಲಿ ಬಂದ ವಿನ್ಯಾಸ, ನಾಲ್ಕು ಕೋರ್. 3 ಇದ್ದರೆ ಝೆನ್ 3. 7530ಯುಗೆ ಆರು ಕೋರ್. ಕುವೆಂಪುನಗರದ ಸ್ನೇಹಿತರೊಬ್ಬರು ‘ಏಳು ಸಾವಿರದ ಸೀರೀಸು, ಲೇಟೆಸ್ಟು’ ಅಂತ ಹೇಳಿದ್ದನ್ನು ನಂಬಿ ಮೊದಲನೆಯದನ್ನು ತಂದರು. ಒಂದಂಕಿಯ ವ್ಯತ್ಯಾಸ, ಎರಡು ಕೋರು ಹೋಯಿತು.

ಸೆಲೆರಾನ್ ಎನ್4020, ಎನ್4500 ಇವಕ್ಕೆ ಎರಡೇ ಕೋರ್. ಯಾರು ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಅದೇ ಎನ್ ಗುಂಪಿನ ಎನ್100, ಎನ್200ಗೆ ನಾಲ್ಕು ಕೋರ್. ಶಾಲೆ ಮಕ್ಕಳಿಗೆ, ಬರೀ ಪತ್ರ ಟೈಪ್ ಮಾಡುವವರಿಗೆ ಸಾಕು. ಕಾಲೇಜಿನವರಿಗೆ ನನ್ನ ಆಯ್ಕೆ ಐ3-1215ಯು, ಐ3-1315ಯು, ಕೋರ್ 3 100ಯು, ಇಲ್ಲವೇ ರೈಜನ್ 5 7530ಯು. ಇವುಗಳಲ್ಲಿ ಯಾವುದು ಅಗ್ಗಕ್ಕೆ ಸಿಕ್ಕಿದರೆ ಅದು.

4. ರ್‍ಯಾಮು, ಡಿಸ್ಕು

8 ಜಿಬಿಗಿಂತ ಕಡಿಮೆ ಬೇಡ, 16 ಸಿಕ್ಕರೆ ಬಿಡಬೇಡಿ. ‘ಆಮೇಲೆ ಹಾಕಿಸ್ಕೊಬೋದು ಸಾರ್’ ಅನ್ನುವ ಮಾತನ್ನು ಅಲ್ಲೇ ಪರೀಕ್ಷಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ. ಕೆಳಗಡೆ ‘ಫಾರ್ಮ್ ಫ್ಯಾಕ್ಟರ್’ ಎದುರು ‘ಸೋಡಿಮ್’ ಅಂತಿದ್ದರೆ ಸ್ಲಾಟಿನಲ್ಲಿ ಕೂರಿಸಿದ ರ್‍ಯಾಮ್. ‘ರೋ ಆಫ್ ಚಿಪ್ಸ್’ ಅಂತಿದ್ದರೆ ಬೋರ್ಡಿಗೇ ಬೆಸುಗೆ ಹಾಕಿದ್ದು. ಕೆಲವಲ್ಲಿ ಬೆಸುಗೆಯ ಜೊತೆಗೆ ಒಂದು ಖಾಲಿ ಸ್ಲಾಟೂ ಇರುತ್ತದೆ, ಅದನ್ನು ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್ಲಿನ ಪುಟದಲ್ಲೇ ನೋಡಿ ಖಾತ್ರಿ ಮಾಡಿಕೊಳ್ಳಿ. ಮೇಲೆ ಹೇಳಿದ 7520ಯುಗೆ ಬೆಸುಗೆಯ ರ್‍ಯಾಮ್ ಬಿಟ್ಟು ಬೇರೆ ದಾರಿಯೇ ಇಲ್ಲ. ಕೊಂಡ ದಿನ ಎಷ್ಟೋ ಸಾಯುವ ದಿನವೂ ಅಷ್ಟೇ. 2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆಯೂ ಏರಿದೆ, ಹಾಗಾಗಿ ‘ಆಮೇಲೆ’ ಅನ್ನುವುದು ಮೊದಲಿನಷ್ಟು ಅಗ್ಗವೂ ಅಲ್ಲ.

ಡಿಸ್ಕು 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಇರಲಿ. ಇಎಂಎಂಸಿ ಅನ್ನುವ ಪದ ಕಂಡರೆ ಚೀಟಿ ಕೆಳಗಿಟ್ಟು ಮುಂದಿನದಕ್ಕೆ ಹೋಗಿ. ಮನೆಗೆ ಬಂದು ನೋಡಿದರೆ 476 ಜಿಬಿ ಅಂತ ತೋರಿಸುತ್ತದೆ. ಯಾರೂ ಮೋಸ ಮಾಡಿಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ಈ ವಿಷಯಕ್ಕೆ ಅಂಗಡಿಯವನ ಜೊತೆ ಜಗಳಕ್ಕೆ ನಿಂತವರನ್ನು ಬಿಡಿಸಿದ್ದೇನೆ.

5. ಪರದೆಯನ್ನು ಬಾಗಿಲ ಹತ್ತಿರ ತನ್ನಿ

ಅಂಗಡಿಯ ಎಸಿ ರೂಮಿನ ದೀಪದಲ್ಲಿ ಎಲ್ಲ ಪರದೆಯೂ ಚೆಂದ. ಯಂತ್ರವನ್ನು ಬೆಳಕಿನ ಕಡೆ ತಿರುಗಿಸಿ, ಮುಚ್ಚಳವನ್ನು ಹಿಂದಕ್ಕೆ ಮುಂದಕ್ಕೆ ಬಾಗಿಸಿ. ಬಣ್ಣ ತಿರುಗಾಮುರುಗಾ ಆಗಿ ಮುಖ ನೀಲಿಗಟ್ಟಿದರೆ ಅದು ಟಿಎನ್ ಪರದೆ. ಐಪಿಎಸ್ ಕೇಳಿ, 1920ಕ್ಕೆ 1080 ಇರಲಿ. ಪರದೆಯ ಬೆಳಕಿನ ಅಳತೆ ನಿಟ್ಸ್: 250 ಮನೆಯೊಳಗೆ ಸಾಕು, ಜಗುಲಿಯಲ್ಲಿ ಕೂತು ಕೆಲಸ ಮಾಡುವವರಿಗೆ 300 ಬೇಕು. ಹಾಗೇ ನಾಲ್ಕು ಸಾಲು ಟೈಪ್ ಮಾಡಿ. ಕೀಬೋರ್ಡಿನ ನಡುಭಾಗ ಹಪ್ಪಳದಂತೆ ಬಗ್ಗಿದರೆ ಬಿಡಿ. ಚಾರ್ಜರ್ ಟೈಪ್-ಸಿ ಆಗಿದ್ದರೆ ಒಳ್ಳೆಯದು, ಕಳೆದರೆ ಸುಲಭಕ್ಕೆ ಸಿಗುತ್ತದೆ.

ಬ್ಯಾಗು, ಮೌಸು, ಒಂದು ವರ್ಷದ ಆಂಟಿವೈರಸ್ ಸೇರಿಸಿ ‘ಕಾಂಬೊ’ ಮಾಡುತ್ತಾರೆ. ಆಂಟಿವೈರಸ್ ಬೇಡ ಅಂದು ಬೆಲೆ ಇಳಿಸಲು ಕೇಳಿ. ವಿಂಡೋಸಿನ ಡಿಫೆಂಡರ್ ಸಾಕು. ‘ಆಫೀಸ್ ಫ್ರೀಯಾಗಿ ಹಾಕ್ಕೊಡ್ತೀವಿ’ ಅಂದರೆ ಅದು ಕದ್ದದ್ದು. ಆಫೀಸ್ ಜೊತೆಗೇ ಬರುವ ಮಾಡೆಲ್ಲು ಕೊಳ್ಳಿ, ಇಲ್ಲವೇ ಲಿಬ್ರೆಆಫೀಸ್ ಇಳಿಸಿಕೊಳ್ಳಿ. ಅದು ನಿಜಕ್ಕೂ ಪುಕ್ಕಟೆ.

6. ಸೆಕೆಂಡ್ ಹ್ಯಾಂಡ್

ಬಜೆಟ್ 25 ಸಾವಿರ ದಾಟದಿದ್ದರೆ ಹೊಸ ಸೆಲೆರಾನಿಗಿಂತ ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್‌ಗಳೇ ನನಗೆ ಇಷ್ಟ. ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗುವುದಾದರೆ ಗೊತ್ತಿರುವವರನ್ನು ಕರೆದೊಯ್ಯಿರಿ. 8ನೇ ತಲೆಮಾರಿಗಿಂತ ಕೆಳಗಿನದು ಬೇಡ ಅನ್ನುವುದು ಇಲ್ಲೂ ಅದೇ ನಿಯಮ. ಆಫ್ ಮಾಡಿ ಆನ್ ಮಾಡಿಸಿ: ವಿಂಡೋಸ್ ಶುರುವಾಗುವ ಮುಂಚೆಯೇ ಬಯೋಸ್ ಪಾಸ್‌ವರ್ಡ್ ಕೇಳಿದರೆ ಅಥವಾ ಹೊಸದಾಗಿ ಸೆಟಪ್ ಮಾಡುವಾಗ ಯಾವುದೋ ಕಂಪನಿಯ ಹೆಸರು ಬಂದು ಲಾಗಿನ್ ಕೇಳಿದರೆ ಮುಟ್ಟಬೇಡಿ. ಬ್ಯಾಟರಿಗೆ ಬೇರೆ ದುಡ್ಡು ತೆಗೆದಿಡಿ.

7. ಬಿಲ್ಲು

ಶೇ 18 ಜಿಎಸ್‌ಟಿ ಇರುವ ಬಿಲ್ಲು, ಅದರಲ್ಲಿ ಸೀರಿಯಲ್ ನಂಬರು. ದುಡ್ಡು ಕೊಡುವ ಮುಂಚೆ ಆ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ಯಾವತ್ತಿನಿಂದ ಶುರುವಾಗಿದೆ ಅಂತ ನೋಡಿ. ಕಪಾಟಿನಲ್ಲಿ ಆರು ತಿಂಗಳು ಕೂತ ಮಾಲು ಆಗ ಗೊತ್ತಾಗುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರು ‘ಆನ್‌ಸೈಟ್’ ವಾರಂಟಿ ನಿಮ್ಮ ಪಿನ್‌ಕೋಡಿಗೆ ಅನ್ವಯಿಸುತ್ತದೆಯೇ ಅಂತ ಕೇಳಿ ಬರೆಸಿಕೊಳ್ಳಿ.

8. ಮನೆಗೆ ತಂದ ದಿನ

ಅಗ್ಗದ ಕೆಲವು ಯಂತ್ರಗಳಲ್ಲಿ ವಿಂಡೋಸ್ ‘ಎಸ್ ಮೋಡ್’ನಲ್ಲಿರುತ್ತದೆ. ಅದರಲ್ಲಿ ಮೈಕ್ರೋಸಾಫ್ಟ್ ಸ್ಟೋರಿನಿಂದ ಬಂದದ್ದಷ್ಟೇ ನಡೆಯುತ್ತದೆ. ಕನ್ನಡ ಟೈಪಿಂಗಿನ ‘ನುಡಿ’ಯೂ ಕೂರುವುದಿಲ್ಲ, ಟ್ಯಾಲಿಯೂ ಕೂರುವುದಿಲ್ಲ. ‘ಲ್ಯಾಪ್‌ಟಾಪ್ ಕೆಟ್ಟಿದೆ’ ಅಂತ ವಾಪಸ್ ಕೊಡಲು ಹೊರಟವರೂ ಇದ್ದಾರೆ. ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಶನ್ ಪುಟಕ್ಕೆ ಹೋಗಿ ಎಸ್ ಮೋಡ್‌ನಿಂದ ಹೊರಬನ್ನಿ. ದುಡ್ಡಿಲ್ಲ, ಆದರೆ ಮತ್ತೆ ಒಳಗೆ ಹೋಗಲಾಗದು. ಯೂನಿಕೋಡಿನಲ್ಲಿ ಬರೆಯುವವರಿಗೆ ವಿಂಡೋಸಿನಲ್ಲೇ ಕನ್ನಡ ಫೋನೆಟಿಕ್ ಕೀಬೋರ್ಡು 2019ರಿಂದ ಇದೆ.

ಹಳೆಯ ಫೈಲುಗಳನ್ನು ತರುವಾಗ ಫಾಂಟುಗಳನ್ನೂ ತನ್ನಿ. ನುಡಿ, ಬರಹದ ಹಳೆಯ (ಯೂನಿಕೋಡಿಗೆ ಮುಂಚಿನ) ಆಸ್ಕಿ ಫಾಂಟಿನಲ್ಲಿ ಮಾಡಿದ ಕಡತ, ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ನಮ್ಮ ಬೀದಿಯ ಮೇಷ್ಟ್ರೊಬ್ಬರು ಹತ್ತು ವರ್ಷದ ಪ್ರಶ್ನೆಪತ್ರಿಕೆಯೆಲ್ಲ ಹೋಯಿತು ಅಂತ ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದಿದ್ದರು. ಹೋಗಿರಲಿಲ್ಲ, ಫಾಂಟ್ ಹಾಕಿದ ಕೂಡಲೇ ಬಂತು.

ಎಕ್ಸ್‌ಚೇಂಜಿನಲ್ಲಿ ಕೊಡುವುದು ಸಾವಿರವೋ ಎರಡು ಸಾವಿರವೋ. ಕೊಡಲೇಬೇಕಿದ್ದರೆ ಹಾರ್ಡ್ ಡಿಸ್ಕ್ ಬಿಚ್ಚಿಸಿಕೊಂಡು ಕೊಡಿ. ಕೆಲವು ನೂರು ರೂಪಾಯಿಯ ಯುಎಸ್‌ಬಿ ಕೇಸಿನೊಳಗೆ ಅದನ್ನು ಕೂರಿಸಿದರೆ ಮನೆಯ ಫೋಟೊಗಳಿಗೆಲ್ಲ ಒಂದು ಬ್ಯಾಕಪ್ ಡಿಸ್ಕ್ ಆಯಿತು. ಅಕ್ಕನ ಮಗಳ ಹಳೆಯ ಯಂತ್ರದ್ದು ಮಾತ್ರ ಅಂಗಡಿಯಲ್ಲೇ ಉಳಿಯಿತು, ಅವಳ ಎಸ್‌ಎಸ್‌ಎಲ್‌ಸಿ ಬೀಳ್ಕೊಡುಗೆಯ ಫೋಟೊಗಳ ಸಮೇತ.