ಸಂತೆ ಸುಂಕದ ಠರಾವು: ಪುರಸಭೆ ಸದಸ್ಯೆಯಾಗಿ ನನ್ನ ಅನುಭವ

2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ನಡೆದ ಚುನಾವಣೆಯಲ್ಲಿ ನಾನು ಮಹಿಳಾ ಮೀಸಲು ವಾರ್ಡಿನಿಂದ ನಮ್ಮ ಪುರಸಭೆಗೆ ಆಯ್ಕೆಯಾದೆ. ಆದರೆ ಸಭಾಂಗಣದ ಕುರ್ಚಿಯಲ್ಲಿ ಕುಳಿತದ್ದು ಎರಡು ವರ್ಷ ಕಳೆದ ಮೇಲೆ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ 2020ರ ಕೊನೆಯ ತಿಂಗಳುಗಳವರೆಗೆ ಊರಿನ ಆಡಳಿತ ಆಡಳಿತಾಧಿಕಾರಿಗಳ ಕೈಯಲ್ಲೇ ಇತ್ತು. ಬೀದಿದೀಪ ಕೆಟ್ಟಿದೆಯೆಂದು ಜನ ನಮ್ಮ ಮನೆಗೆ ಬರುತ್ತಿದ್ದರು. ನಾವು ಅವರ ಜೊತೆಗೆ ಕಚೇರಿಗೆ ಹೋಗಿ ಅರ್ಜಿದಾರರಂತೆ ನಿಲ್ಲುತ್ತಿದ್ದೆವು. ಆ ಬಿಡುವಿನಲ್ಲಿ ನಾನು 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ ಪ್ರತಿ ತರಿಸಿಕೊಂಡು, ಅರ್ಥವಾಗದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಾ ಓದಿದೆ. ಅದಕ್ಕೂ ಮುಂಚೆ ಹದಿನಾಲ್ಕು ವರ್ಷ ಜೀವವಿಮೆ ಏಜೆಂಟ್ ಆಗಿ ಮನೆ ಮನೆ ತಿರುಗಿದ್ದರಿಂದ, ಯಾರ ದುಡ್ಡು ಮುಟ್ಟಿದರೂ ರಸೀದಿ ಕೊಡಬೇಕೆಂಬುದು ನನಗೆ ರೂಢಿಯಾಗಿತ್ತು. ಮುಂದೆ ಸಂತೆಯ ವಿಷಯ ನನ್ನನ್ನು ಹಿಡಿದು ನಿಲ್ಲಿಸಿದ್ದಕ್ಕೆ ಅದೇ ಕಾರಣವಿರಬೇಕು.

ಸಾಮಾನ್ಯ ಸಭೆ ನಡೆಯುವ ಕ್ರಮವನ್ನು ಹೊರಗಿನವರು ನೋಡಿರುವುದು ಕಡಿಮೆ. ಸಭಾ ಸೂಚನಾ ಪತ್ರದಲ್ಲಿ ಮೊದಲನೆಯದು ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವ ವಿಷಯ, ಆಮೇಲೆ ತಿಂಗಳ ಜಮಾ-ಖರ್ಚು, ನಂತರ ಕಾಮಗಾರಿ, ಟೆಂಡರ್, ಖಾತೆ, ಅರ್ಜಿಗಳು, ಕಟ್ಟಕಡೆಗೆ ‘ಅಧ್ಯಕ್ಷರ ಅನುಮತಿ ಮೇರೆಗೆ ಬರುವ ಇತರೆ ವಿಷಯಗಳು’. ನಮ್ಮ ಮೊದಲ ಸಭೆಯಲ್ಲಿ ಅರ್ಧ ದಿನವೆಲ್ಲ ಕುಡಿಯುವ ನೀರಿನ ಪೈಪ್‌ಲೈನ್ ಯಾವ ವಾರ್ಡಿಗೆ ಮೊದಲು ಎಂಬ ಜಗಳದಲ್ಲೇ ಕಳೆಯಿತು. ಉಳಿದ ವಿಷಯಗಳನ್ನು ಊಟದ ಹೊತ್ತಾಯಿತೆಂದು ಒಂದೇ ಉಸಿರಿನಲ್ಲಿ ಓದಿ ಒಪ್ಪಿಗೆ ಪಡೆದರು. ಆ ಅವಸರದಲ್ಲಿ ದಾಟಿ ಹೋದ ವಿಷಯಗಳಲ್ಲಿ ವಾರದ ಸಂತೆಯ ಸುಂಕ ವಸೂಲಿ ಹಕ್ಕಿನ ಬಹಿರಂಗ ಹರಾಜೂ ಒಂದು.

ಈ ಹರಾಜು ಪ್ರತಿ ಆರ್ಥಿಕ ವರ್ಷ ಮುಗಿಯುವ ಮುಂಚೆ ನಡೆಯುತ್ತದೆ. ಠೇವಣಿ ಕಟ್ಟಿದವರು ಸವಾಲು ಕೂಗುತ್ತಾರೆ, ಹೆಚ್ಚು ಕೂಗಿದವರಿಗೆ ಏಪ್ರಿಲ್‌ನಿಂದ ಒಂದು ವರ್ಷ ಸಂತೆಯಲ್ಲಿ ಸುಂಕ ಎತ್ತುವ ಹಕ್ಕು ಸಿಗುತ್ತದೆ. ಪುರಸಭೆಗೆ ದುಡ್ಡು ಒಟ್ಟಿಗೆ ಬರುತ್ತದೆ, ಎತ್ತುವ ರಗಳೆ ಇರುವುದಿಲ್ಲ. ಆದರೆ ಕೂಗಿದ ಮೊತ್ತವನ್ನು ವಾಪಸು ದುಡಿಯಬೇಕಾದವನು ಅದನ್ನು ದುಡಿಯುವುದು ನೆಲದ ಮೇಲೆ ಗೋಣಿಚೀಲ ಹಾಸಿ ಕುಳಿತವರಿಂದ. ನಾನು ನಾಲ್ಕು ವಾರ ಬೆಳಗ್ಗೆ ಆರಕ್ಕೇ ಸಂತೆ ಮೈದಾನಕ್ಕೆ ಹೋಗಿ, ಯಾರಿಂದ ಎಷ್ಟು ತೆಗೆದುಕೊಂಡರೆಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಪುರಸಭೆಯ ದರಪಟ್ಟಿಯಲ್ಲಿ ತಲೆಹೊರೆಗೆ ಹತ್ತು ರೂಪಾಯಿ ಇತ್ತು. ಎರಡು ಕುಕ್ಕೆ ಕೊತ್ತಂಬರಿ ಮತ್ತು ಸಬ್ಬಸಿಗೆ ಸೊಪ್ಪು ತಂದಿದ್ದ ಅಜ್ಜಿಯೊಬ್ಬರಿಂದ ಮೂವತ್ತು ತೆಗೆದುಕೊಂಡರು, ರಸೀದಿಯಿಲ್ಲ. ಬೋಣಿಯಾಗುವ ಮುಂಚೆಯೇ ಕೇಳಿದ್ದರಿಂದ ಆಕೆ ಪಕ್ಕದ ಮೆಣಸಿನಕಾಯಿ ವ್ಯಾಪಾರಿಯಿಂದ ಸಾಲ ಪಡೆದು ಕೊಟ್ಟರು. ‘ಕೇಳಬೇಡ ಕಣವ್ವಾ, ಕೇಳಿದ್ರೆ ಮುಂದಿನ ವಾರ ಚರಂಡಿ ಪಕ್ಕಕ್ಕೆ ಕೂರುಸ್ತಾರೆ’ ಎಂದು ನನ್ನ ಕೈ ಹಿಡಿದು ತಡೆದರು.

2021ರ ಹರಾಜಿಗೆ ಮುಂಚಿನ ಸಭೆಯಲ್ಲಿ ನಾನು ಇದನ್ನೆಲ್ಲ ಎದ್ದು ನಿಂತು ಹೇಳಿದೆ. ಇಪ್ಪತ್ತು ನಿಮಿಷ ಮಾತಾಡಿರಬೇಕು. ಸದಸ್ಯರು ಗಮನವಿಟ್ಟು ಕೇಳಿದರು, ‘ಸರಿಪಡಿಸೋಣ’ ಎಂಬ ಭರವಸೆಯೂ ಬಂತು. ಮುಂದಿನ ತಿಂಗಳು ನಡಾವಳಿ ಕೈಗೆ ಬಂದಾಗ ಆ ವಿಷಯದ ಕೆಳಗೆ ಇದ್ದದ್ದು ಒಂದೇ ಸಾಲು: ‘ಸಭೆಯು ಚರ್ಚಿಸಿ ಹರಾಜು ನಡೆಸಲು ಒಪ್ಪಿಗೆ ನೀಡಿತು.’ ಅಷ್ಟರಲ್ಲಿ ಹಳೆಯ ಷರತ್ತುಗಳ ಮೇಲೆಯೇ ಹರಾಜು ಮುಗಿದಿತ್ತು. ಆ ಸಂಜೆ ನನಗೆ ಅಳು ಬಂದದ್ದು ನಿಜ. ನನ್ನ ಮಾತನ್ನು ಯಾರೂ ಬೇಕೆಂದೇ ಅಳಿಸಿರಲಿಲ್ಲ. ಬರೆದುಕೊಳ್ಳುವುದಕ್ಕೆ ನಾನು ಏನನ್ನೂ ಕೊಟ್ಟಿರಲಿಲ್ಲ, ಅಷ್ಟೇ. ಠರಾವಿನಲ್ಲಿ, ಅಂದರೆ ಸಭೆಯ ನಿರ್ಣಯದಲ್ಲಿ, ಯಾವ ಪದಗಳು ಇರಬೇಕೋ ಆ ಪದಗಳನ್ನು ಸದಸ್ಯರೇ ಬರೆದು ಒಯ್ಯಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅದೇ ಏಪ್ರಿಲ್ ಕೊನೆಯಲ್ಲಿ ಕೊರೊನಾ ಎರಡನೆಯ ಅಲೆಯ ಲಾಕ್‌ಡೌನ್ ಬಂದು ಸಂತೆ ನಿಂತಿತು. ತೆರೆದ ಮೇಲೆ, ಹರಾಜಿನಲ್ಲಿ ಸುಂಕದ ಹಕ್ಕು ಪಡೆದಿದ್ದ ಗುತ್ತಿಗೆದಾರರು ಸಂತೆ ನಡೆಯದ ವಾರಗಳ ಹಣವನ್ನು ಮನ್ನಾ ಮಾಡಬೇಕೆಂದು ಮನವಿ ಕೊಟ್ಟರು, ಅದು ವಿಷಯ ಸಂಖ್ಯೆ ಪಡೆದು ಸಭೆಗೆ ಬಂತು. ಅವರ ಕೋರಿಕೆ ನ್ಯಾಯವಾದದ್ದೇ, ನಾನೂ ಅದನ್ನು ವಿರೋಧಿಸಲಿಲ್ಲ. ಆದರೆ ಅದೇ ವಾರಗಳಲ್ಲಿ ಬದನೆಕಾಯಿಯನ್ನು ದನಕ್ಕೆ ಹಾಕಿದ ವ್ಯಾಪಾರಿಗಳ ನಷ್ಟ ಯಾವ ಕಾಗದದಲ್ಲೂ ಇರಲಿಲ್ಲ, ಹಾಗಾಗಿ ಅದು ಯಾವ ಸಭೆಗೂ ಬರಲಿಲ್ಲ. ಆ ದಿನದಿಂದ ನಾನು ಸಭೆಯಲ್ಲಿ ಆಡಬೇಕಾದ ಪ್ರತಿ ಮಾತನ್ನೂ ಮೊದಲು ಪತ್ರವಾಗಿ ಬರೆದು, ಟಪಾಲು ವಿಭಾಗದಲ್ಲಿ ಕೊಟ್ಟು, ನನ್ನ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡೆ.

ಮುಂದಿನ ಹರಾಜಿಗೆ ಮೂರು ತಿಂಗಳ ಮೊದಲೇ ನಾಲ್ಕು ಷರತ್ತುಗಳನ್ನು ಬರೆದು ಕೊಟ್ಟೆ. ದರಪಟ್ಟಿಯ ಫಲಕವನ್ನು ಮೈದಾನದ ಎರಡೂ ಬಾಗಿಲಲ್ಲಿ ಹಾಕಬೇಕು. ಪುರಸಭೆಯ ಮೊಹರಿರುವ, ಕ್ರಮಸಂಖ್ಯೆ ಮುದ್ರಿಸಿದ ರಸೀದಿಯನ್ನೇ ಕೊಡಬೇಕು. ತಲೆಹೊರೆಯ ಸೊಪ್ಪು ಮಾರುವವರಿಂದ ಸುಂಕ ಪಡೆಯಬಾರದು. ತಪ್ಪಿದರೆ ನೋಟಿಸ್ ಕೊಟ್ಟು ಠೇವಣಿ ಮುಟ್ಟುಗೋಲು ಹಾಕಿಕೊಳ್ಳಬೇಕು. 2014ರ ಬೀದಿಬದಿ ವ್ಯಾಪಾರಿಗಳ ಅಧಿನಿಯಮದಂತೆ ರಚನೆಯಾಗುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಮಂದಿ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ನಮ್ಮಲ್ಲಿದ್ದ ಆ ಪ್ರತಿನಿಧಿಗಳ ಸಹಿಯನ್ನೂ ಪತ್ರಕ್ಕೆ ಪಡೆದೆ. ಇಬ್ಬರು ಸದಸ್ಯರನ್ನು, ಒಬ್ಬರು ನಮ್ಮ ಪಕ್ಷದವರಲ್ಲ, ಅವರ ಮನೆಗೇ ಹೋಗಿ ನೋಟ್ ಪುಸ್ತಕ ತೋರಿಸಿ ಒಪ್ಪಿಸಿದೆ. ಸಭೆಯ ದಿನ ಅನುಮೋದಿಸುವವರು ಯಾರೆಂದು ಹುಡುಕಬೇಕಾಗಿ ಬರಬಾರದಲ್ಲ.

ಚರ್ಚೆ ನಾನು ಎಣಿಸಿದ್ದಕ್ಕಿಂತ ಗಟ್ಟಿಯಾಗಿಯೇ ನಡೆಯಿತು. ಮೂರು ಅವಧಿ ಗೆದ್ದಿದ್ದ ಹಿರಿಯ ಸದಸ್ಯರೊಬ್ಬರು ಎದ್ದು, ‘ಮಾನ್ಯ ಅಧ್ಯಕ್ಷರೇ, ಸುಂಕ ಬಿಡಿ ಅನ್ನೋದು ಸುಲಭ. ಸಂತೆ ಮುಗಿದ ರಾತ್ರಿ ಆ ಮೈದಾನದಿಂದ ಟ್ರ್ಯಾಕ್ಟರ್‌ಗಟ್ಟಲೆ ಕಸ ಎತ್ತೋರು ನಮ್ಮ ಪೌರಕಾರ್ಮಿಕರು. ಆ ಖರ್ಚು ಯಾವ ಬಾಬತ್ತಿನಿಂದ?’ ಎಂದು ಕೇಳಿದರು. ಇದು ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಲ್ಲ. ನಮ್ಮಂಥ ಪುರಸಭೆಗೆ ಆಗ ಬರುತ್ತಿದ್ದ ಕೇಂದ್ರದ ಹದಿನೈದನೆಯ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60ರಷ್ಟು ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಹಾಕಿದ ಹಣವಾಗಿತ್ತು. ನಮ್ಮ ಕೈಯಲ್ಲಿ ಉಳಿಯುವುದು ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ಸಂತೆ ಸುಂಕದಂಥ ಸ್ವಂತ ಸಂಪನ್ಮೂಲ, ಅದರಲ್ಲೂ ಶೇ. 24.10ನ್ನು ಪರಿಶಿಷ್ಟ ಜಾತಿ, ಪಂಗಡಗಳ ಕಲ್ಯಾಣಕ್ಕೆ ತೆಗೆದಿಡಬೇಕು, ತೆಗೆದಿಡಲೂ ಬೇಕಾದದ್ದೇ. ಹಾಗಾಗಿ ನಾನು ಎರಡನೆಯ ಹಾಳೆ ತೆಗೆದೆ. ಲಾರಿ ಮತ್ತು ಟೆಂಪೊದಲ್ಲಿ ಸರಕು ತರುವ ಸಗಟು ವ್ಯಾಪಾರಿಗಳ ದರವನ್ನು ಹಲವು ವರ್ಷಗಳಿಂದ ಪರಿಷ್ಕರಿಸಿರಲಿಲ್ಲ. ಅದನ್ನು ಹೆಚ್ಚಿಸಿದರೆ ಎಷ್ಟು ತುಂಬಿ ಬರುತ್ತದೆಂಬ ಲೆಕ್ಕ ಅದರಲ್ಲಿತ್ತು. ಪೂರ್ತಿ ತುಂಬುವುದಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಹಿರಿಯರು ಹಾಳೆ ಕೇಳಿ ಪಡೆದು ಓದಿ, ಸುಂಕ ವಿನಾಯಿತಿ ಎರಡು ಕುಕ್ಕೆಯವರೆಗೆ ಮಾತ್ರ ಇರಲಿ ಎಂದು ತಿದ್ದುಪಡಿ ಸೂಚಿಸಿದರು. ನಾನು ಒಪ್ಪಿದೆ. ಸಭೆ ಮುಗಿಯುವ ಮುನ್ನ ನಡಾವಳಿ ಬರೆಯುತ್ತಿದ್ದ ಸಿಬ್ಬಂದಿಯ ಪಕ್ಕ ಕುಳಿತು, ನಾಲ್ಕೂ ಷರತ್ತು ತಿದ್ದುಪಡಿಯೊಂದಿಗೆ ಅಕ್ಷರಶಃ ಬಂದಿವೆಯೇ ಎಂದು ಓದಿ ನೋಡಿದೆ.

ಆ ವರ್ಷ ಸವಾಲು ಹಿಂದಿನ ವರ್ಷಕ್ಕಿಂತ ಕಡಿಮೆಗೆ ನಿಂತಿತು. ಅದಕ್ಕಾಗಿ ಎರಡು ಸಭೆಗಳಲ್ಲಿ ಮಾತು ಕೇಳಬೇಕಾಯಿತು, ಕೇಳಿದೆ. ಗುತ್ತಿಗೆದಾರರು ಮೊದಲ ಎರಡು ವಾರ ರಸೀದಿ ಕೊಟ್ಟು ಮೂರನೆಯ ವಾರ ನಿಲ್ಲಿಸಿದರು. ಠರಾವಿನ ಸಂಖ್ಯೆ ನಮೂದಿಸಿ ಬರೆದ ಪತ್ರಕ್ಕೆ ಹತ್ತು ದಿನದಲ್ಲಿ ನೋಟಿಸ್ ಹೊರಟಿತು, ರಸೀದಿ ಮತ್ತೆ ಶುರುವಾಯಿತು. 2023ರಲ್ಲಿ ಅಧ್ಯಕ್ಷರ ಮೊದಲ ಅವಧಿ ಮುಗಿದು ಮತ್ತೆ ಆಡಳಿತಾಧಿಕಾರಿಗಳು ಬಂದರು, ಮುಂದಿನ ಮೀಸಲಾತಿ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟ್‌ನಲ್ಲಿ. ಸಭೆಗಳಿಲ್ಲದ ಆ ಕಾಲದಲ್ಲೂ ಹರಾಜಿನ ಪ್ರಕಟಣೆಯಲ್ಲಿ ನಾಲ್ಕು ಷರತ್ತುಗಳು ಅಚ್ಚಾಗಿ ಬಂದವು.

ಈಚೆಗೆ ಸಂತೆಗೆ ಹೋದಾಗ ಪೂರ್ವದ ಬಾಗಿಲಿನ ದರಫಲಕದ ಮುಂದೆ ಯಾರೋ ಜಾತ್ರೆಯ ಫ್ಲೆಕ್ಸ್ ಕಟ್ಟಿದ್ದರು. ಸೊಪ್ಪಿನ ಅಜ್ಜಿಯ ಮೊಮ್ಮಗ ಮರದ ಸ್ಟೂಲು ಹಾಕಿಕೊಂಡು ಅದರ ದಾರ ಬಿಚ್ಚುತ್ತಿದ್ದ. ನಾನು ಸ್ಟೂಲು ಹಿಡಿದುಕೊಂಡೆ.